ಕಣ್ಣಿಡೋ ತೂತಿಲ್ಲದ ಕ್ಯಾಮೆರಾ

ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡೋದು ಎಲ್ಲರಿಗೂ ಬರೋ ವಿದ್ಯೆಯಲ್ಲ. ನಾನು ಶಾಲೆ ಕಂಡಿದ್ದು ಮೂರನೇ ಕ್ಲಾಸಿನವರೆಗೆ. ಅಲ್ಲಿ ಕಲಿತ ಮಗ್ಗಿ ಮರೆತುಹೋಯ್ತು, ಈ ವಿದ್ಯೆ ಉಳೀತು. ಕಲಿಸಿದ್ದು ನಮ್ಮ ಯಜಮಾನರು. ಕಿಬ್ಬನಹಳ್ಳಿಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ಆಗ ನಮ್ಮ ಕಡೆ ಹೆಣ್ಣುಮಕ್ಕಳು ಗಂಡಸಿನ ಎದುರು ಫೋಟೋಕ್ಕೆ ಕೂತರೆ ತಲೆ ಎತ್ತುತ್ತಿರಲಿಲ್ಲ. ಗಂಡಿನ ಮನೆಗೆ ಕಳಿಸೋ ಫೋಟೋದಲ್ಲಿ ಬರೀ ಬೈತಲೆ ಬಂದರೆ ಯಾರು ಒಪ್ಪುತ್ತಾರೆ? ಅದಕ್ಕೆ ನನ್ನನ್ನ ಒಲೆ ಮುಂದಿನಿಂದ ಎಬ್ಬಿಸಿ ಕ್ಯಾಮೆರಾ ಕೈಗೆ ಕೊಟ್ಟರು. ಮೊದಲು ಎಡಗಣ್ಣು ಮುಚ್ಚೋದು ರೂಢಿ ಮಾಡ್ಕೋ ಅಂದರು. ನಾನು ನೀರು ಸೇದುವಾಗ, ಅಂಗಳ ಗುಡಿಸುವಾಗ ಮುಚ್ಚಿ ತೆಗೆದು ರೂಢಿ ಮಾಡಿದೆ. ನಮ್ಮತ್ತೆ ಎರಡು ದಿನ ನೋಡಿ, ಮೂರನೇ ದಿನ ಮಗನನ್ನ ಕರೆದು, "ನಿನ್ ಹೆಂಡ್ತಿ ಕಾಯಿ ಕೀಳೋರಿಗೆಲ್ಲ ಕಣ್ಣು ಹೊಡೀತಾವ್ಳೆ, ತೌರಿಗೆ ಬುಟ್ಟು ಬಾ" ಅಂದರು.

ಆ ಕ್ಯಾಮೆರಾದಲ್ಲಿ ಕಣ್ಣಿಡೋಕೆ ಒಂದು ತೂತಿತ್ತು. ಕೆನ್ನೆಮೂಳೆಗೆ ಒತ್ತಿ ಹಿಡಿದರೆ ಅಲುಗಾಡದೆ ಕೂರೋದು. ಆ ತೂತಿನೊಳಗೆ ಒಬ್ಬಳೇ ಹುಡುಗಿ, ಹೊರಗಿನ ಬಸ್ಸು, ಧೂಳು, ನನ್ನ ಸಂಸಾರ ಯಾವುದೂ ಇಲ್ಲ. ಅವಳ ಪಾಲಿಗೆ ನಾನೂ ಇಲ್ಲ, ಯಾಕಂದರೆ ನನ್ನ ಮುಖ ಕ್ಯಾಮೆರಾ ಹಿಂದೆ ಮುಚ್ಚಿಹೋಗಿರೋದು. ಒತ್ತಿದ ಮೇಲೆ ಏನು ಬಂತು ಅಂತ ರೀಲು ತೊಳೆಯೋವರೆಗೂ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದೆ ಹೋದರೂ ಯಾರೂ ಸಾಯಲಿಲ್ಲ.

ಈಗ ಸ್ಟುಡಿಯೋ ನೋಡಿಕೊಳ್ಳೋದು ಸೊಸೆ ಮಂಜುಳ. ಚುರುಕಿನ ಹೆಂಗಸು, ನನಗೆ ಹೆದರೋದಿಲ್ಲ. ಅವಳ ಹತ್ತಿರ ಅಂಗೈಯಗಲದ ಒಂದು ಡಿಜಿಟಲ್ ಕ್ಯಾಮೆರಾ ಇದೆ. ಮೊದಲ ಸಲ ಕೈಗೆ ತಗೊಂಡಾಗ ತಿರುಗಿಸಿ ಮುರುಗಿಸಿ ನೋಡಿದೆ, ತೂತೇ ಇಲ್ಲ. ರೂಢಿ ಬಲದಿಂದ ಹಾಗೇ ಕಣ್ಣಿಗೆ ಒತ್ತಿಕೊಂಡೆ. "ಅತ್ತೆ, ಅದು ನೋಡೋ ಸ್ಕ್ರೀನು, ಕಣ್ಣೊಳಗೆ ಹಾಕ್ಕೋಬೇಡಿ! ದೂರ ಹಿಡೀರಿ" ಅಂದಳು. ದೂರ ಹಿಡಿದರೆ ಎಲ್ಲಾ ಮಂಜು ಮಂಜು. ಪೊರೆ ಬಂತೇನೋ ಅಂದುಕೊಂಡೆ. ಮಂಜುಳ ಸ್ಕ್ರೀನನ್ನ ಸೆರಗಲ್ಲಿ ಒರೆಸಿ, "ನಿಮ್ಮ ಹಣೆ ಮೇಲಿನ ಕೊಬ್ಬರಿ ಎಣ್ಣೆ ಅತ್ತೆ" ಅಂದಳು. ಗಾಣದ ಎಣ್ಣೆ ಹಚ್ಚೋ ತಲೆ ಇದು, ಏನು ಮಾಡೋದು.

ಇಷ್ಟಕ್ಕೇ ನಿಂತಿದ್ದರೆ ನಾನು ಕ್ಯಾಮೆರಾ ತಂಟೆಗೆ ಹೋಗುತ್ತಿರಲಿಲ್ಲ. ಹುಳಿಯಾರು ಕಡೆ ತೋಟದ ಮನೆಯಲ್ಲಿರೋ ನಮ್ಮ ಓರಗಿತ್ತಿ ನಂಜಕ್ಕ ಹೇಳಿ ಕಳಿಸಿದಳು: "ನಾನು ಸತ್ತ ಮೇಲೆ ಗೋಡೆಗೆ ಹಾಕೋ ಫೋಟೋ ಗೌರಿನೇ ತೆಗೀಬೇಕು." ಗೌರಿ ಅಂದರೆ ನಾನು. ಅವಳ ಭಯಕ್ಕೆ ಕಾರಣ ಇತ್ತು. ಭಾವನವರು ಹೋದಾಗ ಮನೆಯಲ್ಲಿ ಒಂದು ಸರಿಯಾದ ಫೋಟೋ ಸಿಗಲಿಲ್ಲ. ಯಾವುದೋ ಕಾರ್ಡಿನಲ್ಲಿದ್ದ ಬೆರಳುಗುರಿನಷ್ಟು ಮುಖ ದೊಡ್ಡದು ಮಾಡಿಸಿ ಹಾರ ಹಾಕಿದರು. ಬದುಕಿದ್ದಾಗ ಯಾರಿಗೂ ಬಗ್ಗದ ಮನುಷ್ಯ, ಈಗ ಗೋಡೆ ಮೇಲಿಂದ ಬೇರೆಯವರ ತೋಟದಲ್ಲಿ ಎಳನೀರು ಕಿತ್ತು ಸಿಕ್ಕಿಬಿದ್ದವರ ಹಾಗೆ ನೋಡುತ್ತಾರೆ. ಆ ಫೋಟೋ ಕೆಳಗೇ ದಿನಾ ಊಟಕ್ಕೆ ಕೂರೋದು ನಂಜಕ್ಕ. ನನಗೂ ಹೀಗೇ ಆಗುತ್ತೆ ಅನ್ನೋದು ಅವಳ ತಲೇಲಿ ಕೂತುಬಿಟ್ಟಿತ್ತು. ಹಳೇ ಕ್ಯಾಮೆರಾಕ್ಕೆ ರೀಲು ಸಿಗೋದಿಲ್ಲ. ಮಂಜುಳನ್ನ ಕಳಿಸ್ತೀನಿ ಅಂದರೆ, ಬೇಡ, ಅವಳು ನನ್ನ ಸುಕ್ಕು ಅಳಿಸಿ ನಟಿ ಮಾಡ್ತಾಳೆ ಅಂದಳಂತೆ. ಮಂಜುಳ ನನಗೆ ಎರಡೇ ಗುಂಡಿ ಹೇಳಿಕೊಟ್ಟಳು: ಮೇಲಿನದು ತೆಗೆಯೋಕೆ, ಕಸದಬುಟ್ಟಿ ಚಿತ್ರ ಇರೋದು ಅಳಿಸೋಕೆ.

ನಾನು ಹೋದಾಗ ನಂಜಕ್ಕ ಅಟ್ಟದಿಂದ ಇಳಿಸಿದ ಕಾಯಿಗಳ ಮುಂದೆ ಕೂತಿದ್ದಳು. ಒಂದೊಂದನ್ನೂ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟುಕೊಂಡು ಗಡಗಡ ಅಂದರೆ ಈ ಕಡೆ, ನೀರಾಡಿದರೆ ಮತ್ತೆ ಅಟ್ಟಕ್ಕೆ. ಅವಳ ಕಿವಿ ತಪ್ಪಿದ್ದನ್ನ ನಾನು ಕಂಡಿಲ್ಲ. ರೇಷ್ಮೆ ಸೀರೆ ಉಟ್ಟು ಬಂದು ಅಂಗಳದಲ್ಲಿ ಕೂತಳು. ಒಂದು ತೆಗೆದೆ. ಎದ್ದು ಬಂದಳು. "ತೋರ್ಸು." ತೋರಿಸಿದೆ. "ಇದ್ಯಾವಳೇ ಈ ಮುದುಕಿ?" "ನೀನೇ ಕಣಕ್ಕ." "ನಾನಲ್ಲ, ಅಳ್ಸು." ಅಳಿಸಿದೆ. ಮತ್ತೆ ಕೂತಳು, ಮತ್ತೆ ತೆಗೆದೆ, ಮತ್ತೆ ಎದ್ದು ಬಂದಳು. ಒಂದರಲ್ಲಿ ಕತ್ತು ಕೋಳಿ ಕತ್ತಾಯ್ತು, ಇನ್ನೊಂದರಲ್ಲಿ ಕಿವಿ ದೊಡ್ಡದಾಯ್ತು. ಹನ್ನೊಂದು ನಂಜಕ್ಕಂದಿರು ಕಸದಬುಟ್ಟಿಗೆ ಹೋದರು. ತೂತಿನ ಕಾಲದಲ್ಲಿ ನಾನು ನೋಡುತ್ತಿದ್ದೆ, ಅವರು ಕೂರುತ್ತಿದ್ದರು. ಈಗ ಎಲ್ಲರೂ ನೋಡೋರೇ, ಕೂರೋರು ಯಾರು?

ನನಗೆ ರೇಗಿತು. "ಅಲ್ಲ ಕಣಕ್ಕ, ಅಟ್ಟದ ಕಾಯಿನ ದಿನಾ ಒಡೆದು ನೋಡ್ತೀಯಾ? ಅಲ್ಲಾಡಿಸಿ ನಂಬ್ತೀಯ ತಾನೆ? ಹಂಗೇ ನನ್ನ ನಂಬು."

"ಕಾಯಿನ ಯಾರೂ ಗೋಡೆಗೆ ನೇತಾಕಲ್ಲ ಕಣೆ" ಅಂದಳು. ನಾನು ಮತ್ತೆ ಕ್ಯಾಮೆರಾ ಎತ್ತಿ ಹಿಡಿದೆ.

ಅಷ್ಟೊತ್ತಿಗೆ ಬಿಸಿಲೇರಿತು. ಸ್ಕ್ರೀನಿನಲ್ಲಿ ನಂಜಕ್ಕ ಮಾಯ, ನನ್ನದೇ ಮೂಗು ಕಾಣುತ್ತೆ. ದೂರ ಚಾಚಿ ಹಿಡಿದ ಕ್ಯಾಮೆರಾ ಬೇರೆ ಅಲುಗಾಡುತ್ತೆ, ಕೆನ್ನೆಮೂಳೆ ಆಸರೆ ಇಲ್ಲವಲ್ಲ. ಕೊನೆಗೆ ಸೆರಗು ಬಿಚ್ಚಿ ತಲೆ ಮೇಲಿಂದ ಕ್ಯಾಮೆರಾಕ್ಕೂ ಸೇರಿಸಿ ಗುಡಾರದ ಹಾಗೆ ಹೊದ್ದುಕೊಂಡೆ. ಒಳಗೆ ಸೆಕೆ, ಕನ್ನಡಕಕ್ಕೆ ಆವಿ ಹತ್ತಿತು, ಏನೂ ಕಾಣದು. ಸರಿಯಾದ ಜಾಗ ಹುಡುಕ್ತಾ ಹಿಂದೆ ಹಿಂದೆ ಹೋಗಿ ಮಟ್ಟೆ ರಾಶಿ ಮೇಲೆ ಕುಕ್ಕರಿಸಿದೆ. ಹೊರಗೆ ನಂಜಕ್ಕ ಹೋ ಅಂತ ನಕ್ಕಳು. "ಏಯ್, ಗೌರಿ ಮದುವಣಗಿತ್ತಿ ಆಗವ್ಳೆ, ನೋಡ್ರೋ!" ಕೂತಲ್ಲೇ, ಕಾಣದೇ ಇದ್ದರೂ, ದನಿ ಬಂದ ಕಡೆ ಒತ್ತಿದೆ.

ಬಂದಿತ್ತು. ಬಾಯಲ್ಲಿ ಎರಡೇ ಹಲ್ಲು, ಕಣ್ಣು ಎರಡೂ ಗೆರೆ. ನಲವತ್ತು ವರ್ಷ ನನ್ನ ಜೊತೆ ಒಂದೇ ಒಲೆಯಲ್ಲಿ ಬೇಯಿಸಿದ ನಂಜಕ್ಕ ಇವಳೇ. ಅವಳು ನೋಡಿ ಸಿಡಿದಳು. "ಥೂ, ಸತ್ತೋಳು ಹಲ್ಲು ಕಿರೀತಾವ್ಳೆ ಅಂತ ತಿಥಿಗೆ ಬಂದೋರು ಅನ್ನಲ್ವೇನೆ? ಅಳ್ಸು." "ಅಳಿಸಿದೆ ಬುಡು" ಅಂದೆ. ಅಳಿಸಲಿಲ್ಲ. ಹದಿಮೂರನೇದನ್ನ ಸೆಟೆದು ಕೂತು ತೆಗೆಸಿಕೊಂಡು, ಇದು ಪರವಾಗಿಲ್ಲ ಅಂದಳು. ಅದರಲ್ಲಿ ಅವಳು ಪಕ್ಕಾ ಭಾವನವರ ಜೋಡಿ, ಎಳನೀರು ಕದ್ದವರಲ್ಲಿ ಎರಡನೆಯವಳು.

ಕಾಫಿ ಕುಡಿದು ಹೊರಡೋವಾಗ, "ನಿಂದು ಯಾರು ತೆಗೀತಾರೆ?" ಅಂದಳು. ಆಗ ಹೊಳೀತು. ಅಷ್ಟು ವರ್ಷ ತೂತಿನ ಹಿಂದೆ ಇದ್ದವಳದ್ದು ಒಂದೂ ಫೋಟೋ ಇಲ್ಲ. ಜಗಲಿ ಮೇಲೆ ಕೂತೆ. ನಂಜಕ್ಕ ಕ್ಯಾಮೆರಾನ ಕಾಯಿ ಹಿಡಿದ ಹಾಗೆ ಹಿಡಿದು ಗುಂಡಿ ಒತ್ತಿದಳು. ನಾನು ಎದ್ದು ಹೋಗಿ, "ತೋರ್ಸು" ಅಂದೆ. ಅಲ್ಲೊಂದು ಮುದುಕಿ ಕೂತಿದೆ, ಹಣೆ ಎಣ್ಣೆಯಲ್ಲಿ ಹೊಳೀತಿದೆ, ಎಡಗಣ್ಣು ಅರ್ಧ ಮುಚ್ಚಿದೆ.

"ಅಳ್ಸಕ್ಕ" ಅಂದೆ.

"ಅಳ್ಸಿದೆ ಕಣೆ" ಅಂದಳು. ಕಸದಬುಟ್ಟಿ ಗುಂಡಿಯ ಹತ್ತಿರಕ್ಕೂ ಅವಳ ಹೆಬ್ಬೆರಳು ಹೋಗಿರಲಿಲ್ಲ. ನಾನು ನೋಡಿದೆ, ನೋಡದವಳ ಹಾಗೆ ಚೀಲಕ್ಕೆ ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ತಲೆಗೆ ಹೋಯ್ತು: ಬೆಳಗ್ಗೆ ಅಳಿಸಿದೆ ಅಂದಾಗ ನನ್ನ ಹೆಬ್ಬೆರಳನ್ನ ಅವಳೂ ನೋಡಿರಬೇಕು.