ಗಿರಣಿ ನಿಲ್ಲುವ ಅರ್ಧ ತಾಸು

ನಮ್ಮ ಸೋದರಮಾವನಿಗೆ ಕಿವಿ ಮಂದ ಎಂದು ಇರಕಲ್ಲಗಡದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಅವನಿಗೆ ಚೆನ್ನಾಗಿಯೇ ಕೇಳಿಸುತ್ತದೆ, ರೇಡಿಯೊ ಮಾತ್ರ. ಮನುಷ್ಯರಾದರೆ ಮೂರು ಸಲ ಕೂಗಬೇಕು.

ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವನ ಕಿವಿ ಹಾಗಾಗುವುದು ಸಹಜ. ಅಷ್ಟೂ ವರ್ಷ ಆ ಗಿರಣಿಯೊಳಗೆ ರೇಡಿಯೊ ಹಚ್ಚಿಟ್ಟಿರುವುದು ಸಹಜವೇ? ಯಂತ್ರ ತಿರುಗುವಾಗ ಪಕ್ಕದಲ್ಲಿ ಸಿಡಿಲು ಬಿದ್ದರೂ ತಿಳಿಯದ ಜಾಗ ಅದು. ಮಾವ ರೇಡಿಯೊದ ನೆತ್ತಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, "ಈಗ ರೈತರ ಕಾರ್ಯಕ್ರಮ ನಡದೈತಿ" ಅನ್ನುತ್ತಾನೆ. ಆರನೇ ತರಗತಿಯಿಂದ ದಿನಚರಿ ಬರೆಯುವ ನಾನು ಇಂಥದ್ದನ್ನು ಸುಮ್ಮನೆ ಬಿಡುವವಳಲ್ಲ. ಒಂದು ಬೇಸಿಗೆ ರಜೆಯಲ್ಲಿ ಪ್ರತಿ ಸಲವೂ ರೇಡಿಯೊಗೆ ಕಿವಿ ಅಂಟಿಸಿ ಪರೀಕ್ಷೆ ಮಾಡಿದ್ದೇನೆ. ಒಟ್ಟು ಏಳು ಸಲ, ಸರಿ ಆರು. ಏಳನೆಯ ಸಲ ತಪ್ಪಿದ್ದು ತಾನಲ್ಲ, ರೇಡಿಯೊದವರು ಎಂದು ಮಾವ ಇವತ್ತಿಗೂ ವಾದಿಸುತ್ತಾನೆ.

ಆ ರಜೆಗಳ ಪುಟಗಳನ್ನು ತೆರೆದರೆ ಈಗಲೂ ಒಂದಿಷ್ಟು ಜೋಳದ ಹಿಟ್ಟು ಉದುರುತ್ತದೆ. ದಿನಾ ಬೆಳಿಗ್ಗೆ ನಾನು ತಕ್ಕಡಿಯ ತಟ್ಟೆಯಲ್ಲಿ ಕಾಲು ಮಡಿಚಿ ಕೂರುತ್ತಿದ್ದೆ, ಮಾವ ನನ್ನ ತೂಕವನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆಯುತ್ತಿದ್ದ. ರೇಡಿಯೊದವರು ನಮಸ್ಕಾರ ಅಂದರೆ ಕೆಲಸ ಬಿಟ್ಟು, "ನಮಸ್ಕಾರ್ರಿ, ನಾಷ್ಟಾ ಆತ?" ಎಂದು ಕೇಳುತ್ತಿದ್ದ. ಕೇಳಿದ ಮೇಲೆ ಉತ್ತರಕ್ಕೆ ಒಂದು ಗಳಿಗೆ ಕಾಯುತ್ತಿದ್ದ ಕೂಡ.

ಒಮ್ಮೆ ಹುಣ್ಣಿಮೆಗೆ ದೇವಿಯ ದರ್ಶನಕ್ಕೆಂದು ಹುಲಿಗಿಗೆ ಹೊರಟೆವು. ಬಸ್ಸಿನಲ್ಲಿ ಉಸಿರಾಡಲು ಜಾಗವಿಲ್ಲ, ಕಿಟಕಿಯ ಸೀಟಿನಲ್ಲಿ ಮಾತ್ರ ರೇಡಿಯೊ ಆರಾಮಾಗಿ ಕೂತಿದೆ.

"ಏನ್ರಿ ಯಜಮಾನ್ರ, ಅದನ್ನ ತೊಡಿ ಮ್ಯಾಲೆ ಇಟ್ಕೋರಿ," ಅಂದ ಕಂಡಕ್ಟರ್.

"ಒಳಗ ಅದಕ್ಕ ಸರಿಯಾಗಿ ಕೇಳಂಗಿಲ್ರಿ. ಕಿಟಕಿ ಹಂತೇಕ ಬೇಕು."

"ಹಂಗಾರ ಅದಕ್ಕೂ ಒಂದು ಟಿಕೆಟ್ ತಗೋರಿ."

"ಅರ್ಧ ಹರೀರಿ. ಅದಿನ್ನೂ ಸಣ್ಣದೈತಿ."

ಕಂಡಕ್ಟರ್ ನಿಜವಾಗಿ ಅರ್ಧ ಟಿಕೆಟ್ ಹರಿದ. ಹಿಟ್ನಾಳ ದಾಟುವವರೆಗೆ ಅತ್ತೆ ನಿಂತೇ ಇದ್ದಳು.

ಅತ್ತೆಯ ವಿಷಯ ಹೇಳಬೇಕು. ಮನೆ ಇರುವುದು ಗಿರಣಿಯ ಹಿಂದೆಯೇ. ಮಾವ ಒಂದು ದಿನವೂ ಅವಳನ್ನು ಹೆಸರು ಹಿಡಿದು ಕರೆದವನಲ್ಲ. ಗಂಡನ ಹೆಸರು ಹೆಂಡತಿ, ಹೆಂಡತಿಯ ಹೆಸರು ಗಂಡ ಹೇಳಬಾರದು ಎಂಬ ಹಳೆಯ ರೂಢಿ ಆ ಮನೆಯಲ್ಲಿ ಗಟ್ಟಿಯಾಗಿದೆ. ನನಗೂ ಅವಳು ಬರೀ ಅತ್ತೆ. ಚಹಾ ಬೇಕಾದರೆ ಮಾವ ಖಾಲಿ ಡಬ್ಬಿಯನ್ನು ಎರಡು ಸಲ ಬಡಿಯುತ್ತಾನೆ. ನೀರಿಗೆ ಒಂದು ಸಲ. ಅವಳು "ಬಂದ್ನಿರಿ" ಅನ್ನುತ್ತಾಳೆ. ಒಂದು ಭಾನುವಾರ ಎಣಿಸಿದ್ದೆ: ಡಬ್ಬಿ ಹದಿನಾಲ್ಕು ಸಲ, ಹೆಸರು ಸೊನ್ನೆ.

ಈಗ ನಾನು ಕೊಪ್ಪಳದ ಒಂದು ಸಣ್ಣ ರೇಡಿಯೊ ಕೇಂದ್ರದಲ್ಲಿ ಬಿಡುವಿನ ವೇಳೆ ಕೆಲಸ ಮಾಡುತ್ತೇನೆ. ಅಲ್ಲಿ ಸಂಜೆ ಐದೂವರೆಗೆ ಅರ್ಧ ತಾಸು ಕೇಳುಗರ ಕಾರ್ಡುಗಳಿಗೆ ಮೀಸಲು. ಹೆಸರು, ಊರು ಓದಿ, ಅವರು ಕೇಳಿದ ಹಾಡು ಹಾಕುತ್ತಾರೆ. ಕಳೆದ ತಿಂಗಳು ಕೇಂದ್ರ ನೋಡಿಕೊಳ್ಳುವ ಸರ್ ನನ್ನನ್ನು ಕರೆದರು.

"ಹೆಸರು ಓದೂದ್ರಾಗ ನಾಕು ಹಾಡಿನ ಟೈಮ್ ಹೋಗ್ತೈತ್ರಿ. ಎಲ್ಲಾರೂ ಬಿಡದಂಗ ಹಾಡು ಹಾಕಾಕತ್ಯಾರ, ನಾವೂ ಹಾಕೂಣು ಅಂತ ವಿಚಾರ. ನೀವು ಎಣಿಸೂದ್ರಾಗ ಹುಷಾರ್ ಅದೀರಿ. ಹದಿನೈದು ದಿವಸ ಕಾರ್ಡು ಎಣಿಸಿ, ಇರ್ಲೋ ಬ್ಯಾಡೋ ಬರದು ಕೊಡ್ರಿ."

ಹದಿನೈದು ದಿನ ಎಣಿಸಿದೆ. ಒಟ್ಟು ಅರವತ್ತನಾಲ್ಕು ಕಾರ್ಡು. ಅದರಲ್ಲಿ ಮೂವತ್ತೊಂಬತ್ತು ಇರಕಲ್ಲಗಡದವು. ಎಲ್ಲವೂ ಹೆಂಗಸರ ಹೆಸರಿನಲ್ಲಿ, ಎಲ್ಲವೂ ಒಂದೇ ಕೈಬರಹ, ಎಲ್ಲದರ ಮೂಲೆಯಲ್ಲೂ ಹಿಟ್ಟಿನ ಹೆಬ್ಬೆಟ್ಟಿನ ಗುರುತು. ಅಪರಾಧಿಯನ್ನು ಹುಡುಕಲು ಪೊಲೀಸರು ಬೇಕೆ?

ಸರ್ ಕಾರ್ಡುಗಳನ್ನು ತಿರುವಿ ನೋಡಿ, "ಒಬ್ಬ ಮನಶ್ಯಾನ ಸಲುವಾಗಿ ಅರ್ಧ ತಾಸು ಇಡಾಕ ಆಗೂದಿಲ್ಲರಿ," ಅಂದರು. ಮೂವತ್ತೊಂಬತ್ತನ್ನು ಒಂದು ಎಂದು ಹಿಡಿದರೆ ಕಾರ್ಯಕ್ರಮ ನಿಲ್ಲುವುದು ಖಂಡಿತ. ನನಗೆ ಸಿಟ್ಟು ಬಂತು, ಸರ್ ಮೇಲಲ್ಲ, ಮಾವನ ಮೇಲೆ. ಸುಳ್ಳು ಹೆಸರು ಬರೆದು ನನ್ನ ಲೆಕ್ಕವನ್ನೇ ಕೆಡಿಸಿದ್ದನಲ್ಲ. ಮರುದಿನವೇ ಆ ಕಾರ್ಡುಗಳನ್ನು ಚೀಲದಲ್ಲಿಟ್ಟುಕೊಂಡು ಇರಕಲ್ಲಗಡದ ಬಸ್ಸು ಹತ್ತಿದೆ.

ನಾನು ಹೋದಾಗ ಐದೂ ಇಪ್ಪತ್ತು. ಗಿರಣಿಯ ಮುಂದೆ ಹನ್ನೊಂದು ಮಂದಿ ಹೆಂಗಸರು, ಹನ್ನೊಂದು ಬುಟ್ಟಿ. ಐದೂವರೆಗೆ ಸರಿಯಾಗಿ ಮಾವ ಯಂತ್ರ ನಿಲ್ಲಿಸಿದ. ಈಗ ಬೈಗುಳ ಬೀಳುತ್ತದೆ ಎಂದು ಕಾದೆ. ಯಾರೂ ಬೈಯಲಿಲ್ಲ. ಸೀರೆಯ ಮೇಲಿನ ಹಿಟ್ಟು ಜಾಡಿಸಿಕೊಂಡು ಕಟ್ಟೆಯ ಮೇಲೆ ಕೂತರು. ಅವರು ಬಂದದ್ದೇ ಆ ಹೊತ್ತಿಗಾಗಿ!

"ಅಣ್ಣಾ, ನನ್ನ ಕಾರ್ಡು ಹಾಕಿ ಎಂಟು ದಿವಸ ಆತು. ಬ್ಯಾರೇದವರ್ದು ಮೊದ್ಲು ಹಾಕೀಯೇನು?" ಅಂದಳು ಒಬ್ಬಳು.

"ಪಾಳಿ ಪ್ರಕಾರ ಐತಿ ತಂಗಿ. ಬೀಸೂದಕ್ಕೊಂದು ಪಾಳಿ, ಹೆಸರಿಗೊಂದು ಪಾಳಿ. ನಾ ಯಾರ್ದೂ ಮುರದಿಲ್ಲ."

ಕಾರ್ಡುಗಳನ್ನು ಮಾವನ ಮುಂದಿಟ್ಟು, "ಈ ಹೆಸರಿನವ್ರು ಇದಾರೇನು, ನೀನ ಹುಟ್ಟಿಸೀಯೋ?" ಅಂದೆ.

ಉತ್ತರ ಕೊಟ್ಟವಳು ಅದೇ ಹೆಂಗಸು. "ಇದು ನಾನ ನೋಡವ್ವ, ಶಾಂತವ್ವ. ಮನ್ಯಾಗ ನಾ ಮಂಜ್ಯಾನ ಅವ್ವ, ಓಣ್ಯಾಗ ಕಿರಾಣಿ ಅಂಗಡ್ಯಾನ ಹೇಂತಿ. ಶಾಂತವ್ವ ಅಂತ ಕರಿಯೂದು ರೇಡಿಯೊ ಒಂದ."

ಒಬ್ಬೊಬ್ಬರೇ ಬಂದು ತಮ್ಮ ಕಾರ್ಡು ತೋರಿಸಿದರು. ಅಲ್ಲಿಲ್ಲದವರ ಮನೆಯನ್ನೂ ಕೈ ಮಾಡಿ ತೋರಿಸಿದರು. ನಾನು ಗುರುತು ಹಾಕುತ್ತಾ ಹೋದೆ. ಕೊನೆಗೆ ಮೂರು ಕಾರ್ಡು ಉಳಿದವು, ಮೂರೂ ಒಂದೇ ಹೆಸರಿನವು: ನೀಲವ್ವ. ಹಾಡಿನ ಜಾಗದಲ್ಲಿ, "ಯಾವುದಾದರೂ ನಡೀತೈತಿ. ಹೆಸರು ಮಾತ್ರ ಸಾವಕಾಶ ಓದ್ರಿ" ಎಂದು ಬರೆದಿತ್ತು.

"ಈ ನೀಲವ್ವ ಯಾರು?"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಮಾವನಿಗೆ ಆಗಲೇ ಕಿವಿ ಮಂದವಾಯಿತು.

ಅಷ್ಟರಲ್ಲಿ ರೇಡಿಯೊದಲ್ಲಿ ನಮ್ಮ ಕೇಂದ್ರದ ಹುಡುಗಿ ಓದಿದಳು: "ಇರಕಲ್ಲಗಡದಿಂದ... ನೀಲವ್ವ."

ಹಿಂದಿನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಆಮೇಲೆ ಅತ್ತೆಯ ದನಿ, ಮೆಲ್ಲಗೆ: "ಓ."

ಯಂತ್ರ ನಿಂತಿತ್ತು, ಎಲ್ಲರಿಗೂ ಎಲ್ಲವೂ ಕೇಳಿಸುತ್ತಿತ್ತು. ಆದರೂ ಮಾವ ರೇಡಿಯೊದ ನೆತ್ತಿಯ ಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದ.

ವರದಿಯಲ್ಲಿ ಮೂವತ್ತೊಂಬತ್ತು ಕಾರ್ಡಿಗೆ ಮೂವತ್ತೇಳು ಕೇಳುಗರು ಎಂದು ತಿದ್ದಿ ಬರೆದೆ. ಶಾಂತವ್ವನ ಮಾತನ್ನೂ ಹಾಗೆಯೇ ಬರೆದೆ. ಸರ್ ಎರಡು ಸಲ ಓದಿದರು. "ನಡೀಲಿ ಬಿಡ್ರಿ. ಆರು ತಿಂಗಳ ಮ್ಯಾಲೆ ಮತ್ತ ಎಣಿಸೂಣು," ಅಂದರು.

ಸುದ್ದಿ ಹೇಳಲು ಹೋದಾಗ ಮಾವ ನನಗೆ ಚಹಾ ತರಿಸಲು ಡಬ್ಬಿಯನ್ನು ಎರಡು ಸಲ ಬಡಿದ.

"ಮಾವಾ, ಒಂದ್ಸಲ ನೀನ ಹೆಸರು ಹಿಡದು ಕರದ್ರ ಏನಾಗ್ತೈತಿ?"

ಮಾವ ಒಂದು ಬುಟ್ಟಿ ಜೋಳ ಎತ್ತಿ ಯಂತ್ರದ ಬಾಯಿಗೆ ಸುರಿದ.

"ನಾ ಕರದ್ರ ಚಾ ತರ್ತಾಳ. ರೇಡಿಯೊದವರು ಕರದ್ರ ನಗ್ತಾಳ," ಅಂದ. ನಾನು ಇನ್ನೇನೂ ಕೇಳದ ಹಾಗೆ ಗಿರಣಿ ಚಾಲೂ ಮಾಡಿದ.