ಬೀಗರ ಕೈಯಲ್ಲಿ ಬೀಗದ ಕೈ

ಮೇಷ್ಟ್ರು: ಬೇಡ ಬೀಗರೇ, ಬಲವಂತ ಮಾಡಬೇಡಿ. ನಾನು ಇದನ್ನೆಲ್ಲ ಮುಟ್ಟೋನಲ್ಲ.

ಗಡಿಯಾರದವರು: ನಾನೆಲ್ಲಿ ಬಲವಂತ ಮಾಡ್ದೆ? ಗ್ಲಾಸನ್ನ ನಿಮ್ಮ ಕಡೆ ಸರಿಸಿದೆ ಅಷ್ಟೆ. ನನಗಂತೂ ಇದರ ವಾಸನೇನೇ ಆಗಲ್ಲ.

ಮೇಷ್ಟ್ರು: ಮತ್ತೆ ವೈನ್ ತೋಟಕ್ಕೆ ಹೋಗೋಣ ಅಂದಿದ್ಯಾರು?

ಗಡಿಯಾರದವರು: ನಾನು ದ್ರಾಕ್ಷಿ ತೋಟ ಅಂದೆ. ವೈನ್ ಅನ್ನೋ ಮಾತು ಮೊದಲು ಬಂದಿದ್ದು ನಿಮ್ಮ ಬಾಯಿಂದ.

ಮೇಷ್ಟ್ರು ಹುಡುಗನ ತಂದೆ. ಗಡಿಯಾರ ರಿಪೇರಿಯವರು ಹುಡುಗಿಯ ತಂದೆ. ಮದುವೆ ಹತ್ತಿರವಾಗಿತ್ತು. ಒಬ್ಬರನ್ನೊಬ್ಬರು ಅರಿತುಕೊಳ್ಳೋಣವೆಂದು ಬೆಳಿಗ್ಗೆ ಪಟ್ಟಣದಿಂದ ಹೊರಟು ಬಂದಿದ್ದರು. ವೈನರಿಯ ಯಜಮಾನಿ ರುಚಿ ನೋಡಲೆಂದು ಕೆಂಪು, ಬಿಳಿ ಎರಡನ್ನೂ ಗ್ಲಾಸುಗಳಿಗೆ ಸುರಿದಿಟ್ಟಿದ್ದಳು.

ಯಜಮಾನಿ: ಕುಡೀಲೇಬೇಕು ಅಂತಿಲ್ಲ ಸರ್. ಬಾಯಲ್ಲಿ ಆಡಿಸಿ, ಈ ಬಕೆಟ್ಟಿಗೆ ಉಗುಳಿ.

ಮೇಷ್ಟ್ರು: ಉಗುಳೋದಾ? ಮಕ್ಕಳಿಗೆ ಉಗುಳಬೇಡ್ರೋ ಅಂತ ಹೇಳಿ ಹೇಳಿ ರಿಟೈರಾದೋನು ನಾನು! ... ಬೀಗರೇ, ಅದೋ ಕಿಟಕಿ ಆಚೆ, ಎಂಥ ಹಕ್ಕಿ ನೋಡಿ!

ಗಡಿಯಾರದವರು: (ತಿರುಗಿ) ಎಲ್ಲಿ?

ಮೇಷ್ಟ್ರು: (ಮೀಸೆ ಒರೆಸುತ್ತಾ) ಹಾರಿಹೋಯ್ತು.

ಗಡಿಯಾರದವರು: ನಿಮ್ಮ ಗ್ಲಾಸಲ್ಲಿದ್ದದ್ದೂ?

ಮೇಷ್ಟ್ರು: ಅದು... ಬಕೆಟ್ಟಿಗೆ ಸುರಿದೆ.

ಗಡಿಯಾರದವರು: ಓಹೋ. ಬೀಗರೇ, ಅಲ್ನೋಡಿ, ಇನ್ನೊಂದು ಹಕ್ಕಿ!

ಆಮೇಲೆ ಆ ಕಿಟಕಿಯಾಚೆ ಹಕ್ಕಿಗಳಿಗೆ ಬರವಿರಲಿಲ್ಲ. ಒಮ್ಮೆ ಇವರು ತೋರಿಸಿದರೆ ಒಮ್ಮೆ ಅವರು. ಪ್ರತಿ ಹಕ್ಕಿಗೂ ಒಂದು ಗ್ಲಾಸು ಬರಿದಾಯಿತು. ಕೊನೆಗೆ ಇಬ್ಬರೂ ಗೋಡೆ ಹಿಡಿದುಕೊಂಡು ಕಾರಿನ ಬಳಿ ಬಂದರು.

ಗಡಿಯಾರದವರು: ತಗೊಳ್ಳಿ, ಬೀಗದ ಕೈ. ನೀವೇ ಓಡಿಸಿ.

ಮೇಷ್ಟ್ರು: ಛೆ ಛೆ, ನಿಮ್ಮ ಕಾರು, ನೀವೇ ಓಡಿಸಬೇಕು.

ಗಡಿಯಾರದವರು: ಕತ್ತಲಲ್ಲಿ ನನಗೆ ಕಣ್ಣು ಕಾಣಲ್ಲ.

ಮೇಷ್ಟ್ರು: ನೆತ್ತಿ ಸುಡೋ ಬಿಸಿಲಿದೆ, ಕತ್ತಲೆಲ್ಲಿ ಬಂತು?

ಗಡಿಯಾರದವರು: ನನ್ನ ವಾಚಲ್ಲಿ ಒಂಬತ್ತೂವರೆ!

ಮೇಷ್ಟ್ರು: ವಾಚು ತಲೆಕೆಳಗಾಗಿ ಕಟ್ಟಿದ್ದೀರಿ ಸ್ವಾಮಿ.

ಯಜಮಾನಿ: (ಬಾಗಿಲಲ್ಲಿ ನಿಂತು) ಕುಡಿದೋರು ಕಾರು ಮುಟ್ಟೋ ಹಾಗಿಲ್ಲ. ಕುಡೀದೆ ಇರೋರು ಯಾರೋ ಅವರು ಮುಂದೆ ಬನ್ನಿ.

ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

ಮೇಷ್ಟ್ರು: ಬೀಗರೇ... ಮುಚ್ಚಿಟ್ಟು ಏನು ಪ್ರಯೋಜನ. ಒಂದೆರಡು ಹನಿ ಗಂಟಲಿಗೆ ಇಳೀತು.

ಗಡಿಯಾರದವರು: ನಿಮಗೆ ಹನಿ, ನನಗೆ ಜಡಿಮಳೆ! ಇದಕ್ಕಾಗಿ ಸಂಬಂಧ ಮುರೀಬೇಡಿ ಅಷ್ಟೆ.

ಮೇಷ್ಟ್ರು: ಮುರಿಯೋದಾ? ಇಂಥ ಸಪ್ಪೆ ಬೀಗರ ಜೊತೆ ಜನ್ಮವೆಲ್ಲ ಹೇಗಪ್ಪಾ ಏಗೋದು ಅಂತ ಬೆಳಿಗ್ಗೆಯಿಂದ ಕೊರಗ್ತಿದ್ದೆ!

ಇಬ್ಬರೂ ತಬ್ಬಿಕೊಂಡರು. ಆದರೆ ಕಾರು ನಿಂತಲ್ಲೇ ನಿಂತಿತ್ತು.

ಗಡಿಯಾರದವರು: ಅಳಿಯಂದ್ರಿಗೆ ಫೋನ್ ಮಾಡಿ, ಬಂದು ಕರ್ಕೊಂಡು ಹೋಗ್ಲಿ.

ಮೇಷ್ಟ್ರು: ಅಯ್ಯೋ, ಅವನಿಗೆ ದಿನಾ ನೀತಿ ಪಾಠ ಮಾಡೋನು ನಾನು! ನಿಮ್ಮ ಮಗಳಿಗೇ ಮಾಡಿ.

ಗಡಿಯಾರದವರು: ಪಾಪ, ರಜಾ ದಿನವೂ ಆಫೀಸಲ್ಲಿ ದುಡೀತಿದೆ ಕೂಸು.

ಬೇರೆ ದಾರಿಯಿಲ್ಲದೆ ಗಡಿಯಾರದವರು ಮಗಳಿಗೇ ಫೋನ್ ಮಾಡಿದರು. ದ್ರಾಕ್ಷಿ ಚಪ್ಪರದ ಆಚೆ ಬದಿಯಲ್ಲೇ ರಿಂಗಾಯಿತು! ಎಲೆ ಸರಿಸಿಕೊಂಡು ಮಗಳು ಬಂದಳು. ಅವಳ ಹಿಂದೆ, ಮುಖ ಕೆಂಪಗೆ ಮಾಡಿಕೊಂಡು, ಮೇಷ್ಟ್ರ ಮಗ.

ಮೇಷ್ಟ್ರು: ಲೋ! ನೀನೇನೋ ಇಲ್ಲಿ?

ಮಗ: (ತಡಬಡಾಯಿಸಿ, ಜೇಬಿನಿಂದ ತನ್ನ ಕಾರಿನ ಬೀಗದ ಕೈ ತೆಗೆದು) ಅಪ್ಪಾ, ಮಾವಾ, ದೇವರು ಬಂದ ಹಾಗೆ ಬಂದ್ರಿ! ನಮಗೆ ಸ್ವಲ್ಪ ಜಾಸ್ತಿಯಾಗಿದೆ. ಹೇಗೂ ನೀವಿಬ್ಬರೂ ಮುಟ್ಟೋರಲ್ಲ, ಒಬ್ಬೊಬ್ಬರು ಒಂದೊಂದು ಕಾರು ಓಡಿಸ್ಬಿಡಿ!