ಸಾಮ್ರಾಟನ ಹೆಸರಿಗೆ ಬಿದ್ದ ತೋಟ

ಭೂಮಿಯಲ್ಲಿ ನಾಣ್ಯ ಸಿಕ್ಕಿದರೆ ಅದರ ಮೇಲಿರುವ ವ್ಯಕ್ತಿ ಯಾರೆಂದು ಗುರುತಿಸುವ ಅಧಿಕಾರ ಅಜ್ಜಂಪುರದ ನಾಣ್ಯ ಗುರುತು ಉಪಕಚೇರಿಗೆ ಮಾತ್ರ ಇರುತ್ತದೆ.

ಅಂತರಘಟ್ಟೆಯ ಗುರುಶಾಂತಮ್ಮ ತೆಂಗಿನ ಸಸಿಗೆ ಗುಂಡಿ ತೆಗೆಸುವಾಗ ಹೆಬ್ಬೆರಳ ಉಗುರಿನಷ್ಟು ಅಗಲದ, ಹಸಿರುಗಟ್ಟಿದ ಕಂಚಿನ ನಾಣ್ಯವೊಂದು ಸಿಕ್ಕಿತು. ಮರುದಿನವೇ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಕಚೇರಿಗೆ ಹೋದರು. ಜೊತೆಗೆ ಕಡೂರಿನಲ್ಲಿ ಇತಿಹಾಸದ ಉಪನ್ಯಾಸಕಿಯಾಗಿರುವ ತಂಗಿಯ ಮಗಳು ನಯನ.

"ಸರ್, ಇದು ರೋಮನ್ನರದು. ಸುಮಾರು ಸಾವಿರದ ಏಳುನೂರು ವರ್ಷ ಹಳೇದು," ಎಂದಳು ನಯನ. "ಮುಂದುಗಡೆ ತಲೆಗೆ ಪಟ್ಟಿ ಕಟ್ಟಿದ ರಾಜ, ಪಕ್ಕಕ್ಕೆ ಮುಖ ಮಾಡಿದಾನೆ. ಹೆಸರು ಸವೆದುಹೋಗಿದೆ. ಹಿಂದುಗಡೆ ಇಬ್ರು ಸೈನಿಕರು, ನಡುವೆ ಧ್ವಜ. ಕೆಳಗೆ ಎಸ್, ಎಂ, ಎ, ಎನ್ ಅಂತಿದೆ. ಅಂದ್ರೆ ಆಂಟಿಯೋಕ್ ಊರಿನ ಟಂಕಸಾಲೆ."

ಅಧಿಕಾರಿ ರುದ್ರಮೂರ್ತಿಯವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಸೈನಿಕರಲ್ಲ ಕಣಮ್ಮ, ಸರ್ವೇಯರ್‌ಗಳು. ನಡುವೆ ಅಳತೆ ಕೋಲು. ಎಸ್ ಅಂದ್ರೆ ಸರ್ವೆ, ಎಂ ಅಂದ್ರೆ ಮೋಜಣಿ, ಎ-ಎನ್ ಅಂದ್ರೆ ಅಂತರಘಟ್ಟೆ."

ಹೀಗೆ ನಾಣ್ಯವು ಭೂದಾಖಲೆಯೆಂದು ಸಾಬೀತಾಯಿತು. ಅಂದೇ ಗುರುಶಾಂತಮ್ಮನವರ ಒಂದೂವರೆ ಎಕರೆ, 'ತಲೆಗೆ ಪಟ್ಟಿ ಕಟ್ಟಿದ ವ್ಯಕ್ತಿ' ಎಂಬುವರ ಖಾತೆಗೆ ಹೋಯಿತು.

ಗುರುಶಾಂತಮ್ಮ ಮೇಜಿಗೆ ಕೈ ಬಡಿದರು. "ನಮ್ಮ ಮಾವನೋರು ಉತ್ತ ಹೊಲ ಕಣ್ರೀ! ಆವಯ್ಯ ಯಾವತ್ತು ನೇಗ್ಲು ಹಿಡ್ದಿದ್ದ?"

"ಮರ್ಯಾದೆ ಕೊಟ್ಟು ಮಾತಾಡಿ. ಅವರೀಗ ಖಾತೆದಾರರು."

"ಅವರು ಸತ್ತು ಎಷ್ಟೋ ಕಾಲ ಆಗಿದೆ ಸರ್!" ಎಂದಳು ನಯನ.

"ಮರಣ ಪ್ರಮಾಣಪತ್ರ ಇದೆಯಾ? ಇಲ್ಲವಾದರೆ ಜೀವಂತ."

ಕಚೇರಿಯ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು: 'ಸದರಿ ವ್ಯಕ್ತಿಯು ಏಳು ದಿನದೊಳಗೆ ಖುದ್ದು ಹಾಜರಾಗತಕ್ಕದ್ದು. ನಾಣ್ಯದಲ್ಲಿ ಒಂದೇ ಕಿವಿ ಕಾಣುವುದರಿಂದ ಇನ್ನೊಂದು ಕಿವಿಯನ್ನೂ ಕಡ್ಡಾಯವಾಗಿ ತರತಕ್ಕದ್ದು. ತಪ್ಪಿದಲ್ಲಿ ಹಕ್ಕು ಹತ್ತಿರದ ಸಂಬಂಧಿಕರಿಗೆ ಸೇರುವುದು.'

ವ್ಯಕ್ತಿ ಬರಲಿಲ್ಲ. ಆ ಏಳು ದಿನ ಗುರುಶಾಂತಮ್ಮನವರಿಗೆ ಸರಿಯಾಗಿ ಊಟ ಸೇರಲಿಲ್ಲ. ಎಂಟನೇ ದಿನ ಬೆಳಿಗ್ಗೆ ತಲೆಗೆ ಟವೆಲ್ ಬಿಗಿದುಕೊಂಡು ಕಚೇರಿಗೆ ಹೋಗಿ, ರುದ್ರಮೂರ್ತಿಯವರ ಎದುರು ನಾಣ್ಯದಲ್ಲಿದ್ದ ಹಾಗೇ ಒಂದೇ ಕಿವಿ ಕಾಣುವಂತೆ ಅಡ್ಡಡ್ಡ ಕೂತುಬಿಟ್ಟರು.

"ನೋಡಿ. ನಾನೇ ಸಂಬಂಧಿಕಳು."

ರುದ್ರಮೂರ್ತಿಯವರು ನಾಣ್ಯವನ್ನು ಅವರ ಕೆನ್ನೆಯ ಪಕ್ಕ ಹಿಡಿದರು. "ಮೂಗು ಹೊಂದುತ್ತೆ. ಆದರೆ ಹೊಲ ಗಂಡನ ಕಡೆಯದು. ಆ ಕಡೆ ಮೂಗು ನಿಮಗೆ ಹೇಗೆ ಬಂತು?"

"ನಲವತ್ತು ವರ್ಷ ಆ ಮನೇಲಿ ಬಾಳಿದೀನಿ ಕಣ್ರೀ. ಬರ್ದೆ ಇರುತ್ತಾ?"

ಈ ವಿವರಣೆ ಸಮಂಜಸವಾಗಿದ್ದುದರಿಂದ ಅಂಗೀಕರಿಸಲಾಯಿತು. ತಜ್ಞರ ಅಭಿಪ್ರಾಯದ ಜಾಗದಲ್ಲಿ ನಯನ 'ಹೋಲಿಕೆ ಇದೆ' ಎಂದು ಬರೆದು ಸಹಿ ಮಾಡಿದಳು. ತೋಟ ವಾಪಸ್ ಬಂತು.

ಬಸ್ಸಿನಲ್ಲಿ ಅವಳಿಗೆ ಒಂದೇ ಯೋಚನೆ. "ದೊಡ್ಡಮ್ಮ, ಇದು ರೋಮಿನವರಿಗೆ ಗೊತ್ತಾಗಿ ಬಂದ್ಬಿಟ್ರೆ?"

"ಬರ್ಲಿ ಬಿಡೇ. ನೆಂಟ್ರು ಅಂದ್ಮೇಲೆ ಒಂದೆರಡು ದಿನ ಇದ್ದು, ಉಂಡ್ಕೊಂಡು ಹೋಗ್ಲಿ."